ನೆನಪು ಅಳಿದ ಮೇಲೆ ಉಳಿಯುವುದೇನು?

‘ಅರವತ್ತಕ್ಕೆ ಅರಳು ಮರಳು’ ಎಂಬುದು ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಗಾದೆ. ಮುಪ್ಪಿನೊಡನೆ ಬುದ್ಧಿ ಮಂಕಾಗುವುದು ಸಹಜವೆಂಬ ಭಾವನೆ ಇದರಲ್ಲಿ ಅಡಗಿದೆ. ಇಂದಿನ ವೈದ್ಯವಿಜ್ಞಾನವಾದರೋ ಇದನ್ನು ಒಪ್ಪುವುದಿಲ್ಲ. ಕನ್ನಡಕವನ್ನು ಎಲ್ಲಿಟ್ಟೆವೆಂದು ಮರೆಯುವುದು ಒಂದು. ಕನ್ನಡಕವಿರುವುದು ಏತಕ್ಕೆಂಬುದನ್ನೇ ಮರೆಯುವುದು ಮತ್ತೊಂದು. ಮೊದಲನೆಯದು ವಯಸ್ಸಿನ ಫಲವಾಗಿರಬಹುದು. ಎರಡನೆಯದು ರೋಗದ ಚಿಹ್ನೆ. ನೆನಪು, ಭಾಷೆ, ವಿವೇಚನೆಗಳು ಕ್ರಮೇಣ ಕುಂದಿ, ನಿತ್ಯದ ಕೆಲಸಗಳಿಗೂ ಪರರನ್ನು ಆಶ್ರಯಿಸಬೇಕಾಗುವ ಈ ಸ್ಥಿತಿಗೆ ಡಿಮೆನ್ಷಿಯಾ ಎಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನ 5 ಕೋಟಿ 70 ಲಕ್ಷ ಮಂದಿ ಇದಕ್ಕೆ ತುತ್ತಾಗಿದ್ದರು.

ಈ ಸ್ಥಿತಿಗೆ ಅತಿ ಸಾಮಾನ್ಯ ಕಾರಣ ಆಲ್ಝೈಮರ್ ರೋಗ. ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ 1906ರಲ್ಲಿ ಇದನ್ನು ಮೊದಲು ವರ್ಣಿಸಿದನು. ಈ ರೋಗದಲ್ಲಿ ನರಕೋಶಗಳ ನಡುವೆ ಅಮಿಲಾಯ್ಡ್ ಎಂಬ ಪ್ರೋಟೀನು ಗಡ್ಡೆಗಟ್ಟುತ್ತದೆ; ಕೋಶಗಳ ಒಳಗೆ ಟೌ ಎಂಬ ಇನ್ನೊಂದು ಪ್ರೋಟೀನು ನೂಲಿನ ಸಿಕ್ಕಿನಂತೆ ಸುತ್ತಿಕೊಳ್ಳುತ್ತದೆ. ಹೊಸ ಅನುಭವಗಳನ್ನು ನೆನಪಾಗಿ ದಾಖಲಿಸುವ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಸಾಮಾನ್ಯವಾಗಿ ಮೊದಮೊದಲೇ ಪೆಟ್ಟು ಬೀಳುತ್ತದೆ. ಆದುದರಿಂದಲೇ ರೋಗಿಗೆ ಬೆಳಗಿನ ಊಟ ಮರೆತುಹೋದರೂ ಬಾಲ್ಯದ ಸಂಗತಿ ನೆನಪಿರುವುದುಂಟು.

ಆದರೆ ಮಿದುಳಿನ ಎಲ್ಲ ಶಕ್ತಿಗಳೂ ಒಮ್ಮೆಗೇ ಅಳಿಯುವುದಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ನೋಡೋಣ. ಅವರು 17 ಮಂದಿ ಆಲ್ಝೈಮರ್ ರೋಗಿಗಳಿಗೆ ದುಃಖದ ಮತ್ತು ಸಂತೋಷದ ಚಲನಚಿತ್ರ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿನಲ್ಲೇ ಚಿತ್ರದ ಕಥೆ ರೋಗಿಗಳ ನೆನಪಿನಿಂದ ಬಹುಮಟ್ಟಿಗೆ ಅಳಿಸಿಹೋಯಿತು. ಅದು ಎಬ್ಬಿಸಿದ ಭಾವನೆಯಾದರೋ ಉಳಿದಿತ್ತು. ಮಗ ಬಂದು ಹೋದುದನ್ನು ತಾಯಿ ಮರೆಯಬಹುದು. ಅವನು ತಂದ ನೆಮ್ಮದಿಯಾಗಲಿ, ಅವನಾಡಿದ ಗದರಿಕೆಯ ನೋವಾಗಲಿ ಅವನೊಡನೆಯೇ ಹೊರಟುಹೋಗುವುದಿಲ್ಲ. ‘ಹೇಗೂ ಮರೆಯುತ್ತಾರೆ, ನೋಡಲು ಹೋಗಿ ಏನು ಫಲ?’ ಎಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿದ್ದ ಮನೋವಿಜ್ಞಾನಿ ಟಾಮ್ ಕಿಟ್‌ವುಡ್ 1997ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಒಂದು ಮುಖ್ಯ ವಿಚಾರವನ್ನು ಮಂಡಿಸಿದನು. ರೋಗಿಯ ಅವನತಿಗೆ ಮಿದುಳಿನ ಹಾನಿಯಷ್ಟೇ ಅಲ್ಲದೆ ಸುತ್ತಲಿನವರ ವರ್ತನೆಯೂ ಕಾರಣವಾಗುತ್ತದೆ. ಎದುರಿಗಿದ್ದರೂ ಇಲ್ಲವೆಂಬಂತೆ ಮಾತನಾಡುವುದು, ಅವಸರಪಡಿಸುವುದು, ಮಗುವಿನಂತೆ ಕಾಣುವುದು ಇವೆಲ್ಲ ಉಳಿದ ಶಕ್ತಿಯನ್ನೂ ಉಡುಗಿಸುತ್ತವೆ. ರೋಗವನ್ನಲ್ಲದೆ ವ್ಯಕ್ತಿಯನ್ನು ಮೊದಲು ನೋಡಬೇಕೆಂಬುದು ಅವನ ವಾದದ ತಿರುಳು.

ವ್ಯಕ್ತಿಯನ್ನು ನೋಡುವುದು ಹೇಗೆ? ಇದಕ್ಕೊಂದು ದಾರಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ದೊರೆಯಿತು. ರಂಗಭೂಮಿಯ ವಿದುಷಿ ಆನ್ ಬ್ಯಾಸ್ಟಿಂಗ್ 1996ರಲ್ಲಿ ಒಂದು ವೃದ್ಧಾಲಯಕ್ಕೆ ಹೋಗಿ, ಅಲ್ಲಿನ ಡಿಮೆನ್ಷಿಯಾ ಪೀಡಿತರಿಂದ ಹಳೆಯ ನೆನಪುಗಳನ್ನು ಹೊರತರಲು ಯತ್ನಿಸುತ್ತಿದ್ದರು. ಫಲ ದೊರೆಯಲಿಲ್ಲ. ಒಂದು ದಿನ ಅವರು ಪತ್ರಿಕೆಯ ಸಿಗರೇಟು ಜಾಹೀರಾತಿನಿಂದ ಕುದುರೆಸವಾರನೊಬ್ಬನ ಚಿತ್ರವನ್ನು ಹರಿದು ತೋರಿಸಿ, ‘ಇವನಿಗೆ ಏನು ಹೆಸರಿಡೋಣ?’ ಎಂದು ಕೇಳಿದರು. ಅದುವರೆಗೆ ಮೌನವಾಗಿದ್ದವರಲ್ಲಿ ಒಬ್ಬರು ಪ್ರಸಿದ್ಧ ನರ್ತಕ ಫ್ರೆಡ್ ಆಸ್ಟೇರನ ಹೆಸರನ್ನು ಸೂಚಿಸಿದರು. ಒಬ್ಬರ ಮಾತಿಗೆ ಮತ್ತೊಬ್ಬರ ಮಾತು ಸೇರಿ, ನಗೆಯೂ ಹಾಡೂ ಬೆರೆತು ಕಥೆಯೊಂದು ಬೆಳೆಯಿತು. ಮುಂದೆ ‘ಟೈಮ್‌ಸ್ಲಿಪ್ಸ್’ ಎಂದು ಹೆಸರಾದ ವಿಧಾನದ ಮೂಲ ಇದು.

ಈ ವಿಧಾನ ಬಹು ಸರಳ. ಕುತೂಹಲ ಕೆರಳಿಸುವ ಚಿತ್ರವೊಂದನ್ನು ಎಲ್ಲರಿಗೂ ಕಾಣುವಂತೆ ಹಿಡಿಯುವುದು. ‘ಇಲ್ಲಿ ಏನು ಸದ್ದು ಕೇಳುತ್ತಿರಬಹುದು?’, ‘ಇವರು ಎಲ್ಲಿಗೆ ಹೊರಟಿರಬಹುದು?’ ಎಂದು ಕೇಳುವುದು. ಬಂದ ಉತ್ತರ ಅಸಂಬದ್ಧವೆಂದು ತೋರಿದರೂ ಹಾಗೆಯೇ ಬರೆದುಕೊಳ್ಳುವುದು. ನಡುನಡುವೆ ಅದುವರೆಗಿನ ಕಥೆಯನ್ನು ಓದಿ ಹೇಳುವುದು. ಇದು ಏಕೆ ಫಲಿಸುತ್ತದೆ? ‘ನಾನು ಯಾರು, ಹೇಳಿ’ ಎಂಬ ಪ್ರಶ್ನೆಗೆ ಸರಿಯುತ್ತರ ಒಂದೇ. ಅದು ಹೊಳೆಯದಿದ್ದಾಗ ವೃದ್ಧರಿಗೆ ಪರೀಕ್ಷೆಯಲ್ಲಿ ಸೋತ ಅಪಮಾನ. ಚಿತ್ರದ ಪ್ರಶ್ನೆಗಾದರೆ ತಪ್ಪು ಉತ್ತರವೆಂಬುದೇ ಇಲ್ಲ. ಚಿತ್ರ ಕಣ್ಣೆದುರಿಗೇ ಇರುವುದರಿಂದ ನೆನಪಿನ ಮೇಲೆ ಹೊರೆಯೂ ಕಡಿಮೆ.

ಇದರ ಪರಿಣಾಮವನ್ನು 20 ವೃದ್ಧಾಲಯಗಳಲ್ಲಿ ಪರೀಕ್ಷಿಸಿ, 2009ರಲ್ಲಿ ವರದಿಯನ್ನು ಪ್ರಕಟಿಸಲಾಯಿತು. ಈ ವಿಧಾನವನ್ನು ಅನುಸರಿಸಿದ 10 ಆಲಯಗಳಲ್ಲಿ ನಿವಾಸಿಗಳು ಹೆಚ್ಚು ಎಚ್ಚರದಿಂದಲೂ ಆಸಕ್ತಿಯಿಂದಲೂ ಇದ್ದುದು ಕಂಡುಬಂದಿತು. ಸಿಬ್ಬಂದಿ ಅವರೊಡನೆ ಹೆಚ್ಚಾಗಿ ಬೆರೆತರು. ಅವರನ್ನು ಕುರಿತ ಸಿಬ್ಬಂದಿಯ ಅಭಿಪ್ರಾಯವೂ ಉತ್ತಮವಾಯಿತು. ಎಂದರೆ, ಬದಲಾದವರು ರೋಗಿಗಳು ಮಾತ್ರವಲ್ಲ.

ಕಥೆ ಹೆಣೆಯುವುದರಿಂದ ರೋಗ ವಾಸಿಯಾಗುವುದಿಲ್ಲ. ಸತ್ತ ನರಕೋಶಗಳು ಮರಳಿ ಹುಟ್ಟುವುದಿಲ್ಲ. ಮರೆವು ಹೆಚ್ಚುತ್ತಿರುವವರನ್ನು ವೈದ್ಯರಿಗೆ ತೋರಿಸುವುದು ಅತ್ಯಗತ್ಯ, ಏಕೆಂದರೆ ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ ಮೊದಲಾದ ಚಿಕಿತ್ಸೆಗೆ ಬಗ್ಗುವ ಕಾರಣಗಳಿಂದಲೂ ಮರೆವು ಬರುವುದುಂಟು. ಆದರೆ ವಾಸಿಮಾಡುವ ಔಷಧಿ ದೊರೆಯುವವರೆಗೆ ಆ ವೃದ್ಧರು ಬದುಕಬೇಕಾದ ದಿನಗಳಿವೆಯಷ್ಟೆ. ಆ ದಿನಗಳನ್ನು ಹಗುರಗೊಳಿಸುವುದು ವಿದ್ಯಾರ್ಥಿಗಳಿಂದಲೂ ಆಗುವ ಕೆಲಸ. ಮನೆಯಲ್ಲಿ ಅಂತಹ ಅಜ್ಜಿಯೋ ತಾತನೋ ಇದ್ದರೆ, ‘ನನ್ನ ಹೆಸರೇನು?’ ಎಂಬ ಪ್ರಶ್ನೆಯನ್ನು ಬದಿಗಿರಿಸಿ, ಒಂದು ಚಿತ್ರವನ್ನು ಮುಂದಿಟ್ಟು, ಕಾಗದ ಲೇಖನಿ ಹಿಡಿದು ಪಕ್ಕದಲ್ಲಿ ಕುಳಿತುಕೊಳ್ಳಿ. ಉತ್ತರಕ್ಕೆ ಅವಸರಪಡಿಸಬೇಡಿ.