ತಿರುವಿನಲ್ಲಿ ದ್ರವ್ಯರಾಶಿ ರದ್ದಾಗುತ್ತದೆಯೇ?

ಏಷ್ಯನ್ ಲೆ ಮಾನ್ಸ್ ಸರಣಿ ಎಂಬ ಸ್ಪೋರ್ಟ್ಸ್ ಕಾರ್ ಚಾಂಪಿಯನ್‌ಷಿಪ್‌ನ 2021ರ ಋತು ಎಂಟೇ ದಿನಗಳಲ್ಲಿ ಮುಗಿದುಹೋಯಿತು. ಸಾಮಾನ್ಯವಾಗಿ ತಿಂಗಳುಗಟ್ಟಲೆ ಹಲವು ದೇಶಗಳಲ್ಲಿ ನಡೆಯುತ್ತಿದ್ದ ಸರಣಿ ಕೋವಿಡ್ ನಿರ್ಬಂಧಗಳಿಂದಾಗಿ ಅರಬ್ ಸಂಸ್ಥಾನಗಳಿಗೆ ಸೀಮಿತವಾಯಿತು. ಫೆಬ್ರವರಿ 13 ಮತ್ತು 14ರಂದು ದುಬೈ ಆಟೋಡ್ರೋಮ್‌ನಲ್ಲಿ ಎರಡು ಪಂದ್ಯ, 19 ಮತ್ತು 20ರಂದು ಅಬುಧಾಬಿಯ ಯಾಸ್ ಮರೀನಾದಲ್ಲಿ ಎರಡು. ಒಂದೊಂದೂ ನಾಲ್ಕು ಗಂಟೆಯದು. ಅತಿ ವೇಗದ ವರ್ಗವಾದ ಎಲ್‌ಎಂಪಿ2ರಲ್ಲಿ ಜಿ-ಡ್ರೈವ್ ತಂಡದ ಹಾಬ್ಸ್‌ಬರ್ಗ್, ಬಿಂಡರ್ ಮತ್ತು ಯೆ ಯಿಫೈ ಚಾಂಪಿಯನ್ನರಾದರು. ಅದೇ ವರ್ಗದಲ್ಲಿ ನಮ್ಮವರ ತಂಡವೂ ಒಂದಿತ್ತು. ಫಾರ್ಮುಲಾ ಒನ್‌ಗೆ ಇಳಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್, ಬೆಂಗಳೂರಿನ ಅರ್ಜುನ್ ಮೈನಿ ಮತ್ತು ನವೀನ್ ರಾವ್ ಅದರ ಚಾಲಕರು.

ಗೆಲುವು ಸೋಲಿನ ಕತೆಯನ್ನು ಇಲ್ಲಿಗೆ ಬಿಡೋಣ. ಭೌತವಿಜ್ಞಾನದ ಮೇಷ್ಟರ ಕಣ್ಣಿಗೆ ಈ ಋತು ಒಂದು ಪ್ರಯೋಗಶಾಲೆಯಂತೆ ಕಾಣುತ್ತದೆ. ಒಂದೇ ಪಥ, ಒಂದೇ ಹವೆ, ಒಂದೇ ಸಮಯ. ಓಡುವ ಕಾರುಗಳು ಮಾತ್ರ ಮೂರು ಬಗೆ. ಎಲ್‌ಎಂಪಿ2 ಕಾರು 950 ಕೆಜಿಯ ಆಸುಪಾಸಿನದು, ಅದರ ಗಿಬ್ಸನ್ ಎಂಜಿನ್ನಿನ ಮೂಲ ಸಾಮರ್ಥ್ಯ ಸುಮಾರು 600 ಅಶ್ವಶಕ್ತಿ. 2020ರಲ್ಲಿ ಬಂದ ಹೊಸ ತಲೆಮಾರಿನ ಎಲ್‌ಎಂಪಿ3 ಕಾರೂ ಅಷ್ಟೇ ಹಗುರ, ಆದರೆ ಅದರ ಶಕ್ತಿ 455 ಅಶ್ವಶಕ್ತಿ ಮಾತ್ರ. ಮೂರನೆಯದು ಜಿಟಿ ವರ್ಗ. ಪೋರ್ಷ, ಫೆರಾರಿಯಂಥ ರಸ್ತೆ ಕಾರುಗಳಿಂದ ರೂಪಿಸಿದ ಇವು 500ರಿಂದ 600 ಅಶ್ವಶಕ್ತಿಯವು, ತೂಕ 1300 ಕೆಜಿಯ ಸುತ್ತಮುತ್ತ.

ಜಿಟಿಗಿಂತ ಕಡಿಮೆ ಶಕ್ತಿಯ ಎಲ್‌ಎಂಪಿ3 ಒಂದು ಸುತ್ತನ್ನು ಜಿಟಿಗಿಂತ ಬೇಗ ಮುಗಿಸುತ್ತದೆ. ‘ಹಗುರವಾದ್ದರಿಂದ ಬೇಗ ವೇಗ ಪಡೆಯುತ್ತದೆ’ ಎಂದು ನೀವು ಹೇಳಬಹುದು. ನೇರ ಓಟದ ಮಟ್ಟಿಗೆ ಅದು ಸರಿ. ಆದರೆ ಅದು ತಿರುವಿನಲ್ಲೂ ಹೆಚ್ಚು ವೇಗವಾಗಿ ಹೋಗುತ್ತದೆ. ನಾವು ತರಗತಿಯಲ್ಲಿ ಹೇಳಿಕೊಡುವ ಸೂತ್ರಕ್ಕೆ ಇದು ಒಗ್ಗುವುದಿಲ್ಲ.

ಆ ಸೂತ್ರವನ್ನು ನೆನಪಿಸಿಕೊಳ್ಳಿ. ಸಮತಟ್ಟಾದ ತಿರುವಿನಲ್ಲಿ ಕಾರಿಗೆ ಬೇಕಾದ ಕೇಂದ್ರಾಭಿಮುಖ ಬಲವನ್ನು ಒದಗಿಸುವುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ. ಎರಡನ್ನೂ ಸಮೀಕರಿಸಿದರೆ ದ್ರವ್ಯರಾಶಿ ಎರಡೂ ಕಡೆ ಬಂದು ರದ್ದಾಗುತ್ತದೆ. ಉಳಿಯುವುದು ಇಷ್ಟು:

ವೇಗ² = ಘರ್ಷಣಾಂಕ × ಗುರುತ್ವ ವೇಗೋತ್ಕರ್ಷ × ತ್ರಿಜ್ಯ

ಲಾರಿಯಾಗಲಿ ಸ್ಕೂಟರಾಗಲಿ, ಘರ್ಷಣಾಂಕ ಒಂದೇ ಆದರೆ ವೇಗದ ಮಿತಿಯೂ ಒಂದೇ ಎಂದು ನಾವು ಮುಗಿಸಿಬಿಡುತ್ತೇವೆ.

ಇಲ್ಲಿ ಘರ್ಷಣಾಂಕದ ಬಗ್ಗೆ ಒಂದು ಮಾತು. ಅದು ಒಂದನ್ನು ಮೀರಲಾರದು ಎಂಬ ನಂಬಿಕೆ ಅಧ್ಯಾಪಕರಲ್ಲೂ ಇದೆ. 1.5 ಎಂಬ ಉತ್ತರವನ್ನು ಉಪಾಧ್ಯಾಯರೊಬ್ಬರು ‘ಅಸಾಧ್ಯ’ ಎಂದು ಬರೆದು ಹೊಡೆದು ಹಾಕಿದ್ದನ್ನು ಮೌಲ್ಯಮಾಪನದ ಕೊಠಡಿಯಲ್ಲಿ ನಾನೇ ಕಂಡಿದ್ದೇನೆ. ಬಿಸಿಯೇರಿದ ರೇಸ್ ಟೈರಿನ ಮೆದು ರಬ್ಬರು ರಸ್ತೆಯ ಸಣ್ಣ ಉಬ್ಬುತಗ್ಗುಗಳೊಳಕ್ಕೆ ಇಳಿದು ಹಿಡಿಯುತ್ತದೆ, ಅಂಟಿಕೊಳ್ಳುತ್ತದೆ. 1.5 ಅದಕ್ಕೆ ಸಹಜವಾದ ಸಂಖ್ಯೆ. ನಮ್ಮ ಲೆಕ್ಕಕ್ಕೂ ಅದನ್ನೇ ತೆಗೆದುಕೊಳ್ಳೋಣ. ತ್ರಿಜ್ಯ 100 ಮೀಟರ್ ಆದರೆ ಮಿತಿವೇಗ ಸೆಕೆಂಡಿಗೆ 38.3 ಮೀಟರ್, ಎಂದರೆ ಗಂಟೆಗೆ 138 ಕಿಮೀ. ಸೂತ್ರದ ಪ್ರಕಾರ ಎಲ್ಲ ಕಾರುಗಳಿಗೂ ಇಷ್ಟೇ.

ಸೂತ್ರ ತಪ್ಪಲ್ಲ. ಅದರಲ್ಲಿ ಗಾಳಿಯೇ ಇಲ್ಲ, ಅಷ್ಟೆ. ರೇಸ್ ಕಾರಿನ ಹಿಂದಿನ ರೆಕ್ಕೆ ಗಾಳಿಯ ಹರಿವನ್ನು ಮೇಲಕ್ಕೆ ತಿರುಗಿಸುತ್ತದೆ. ನ್ಯೂಟನ್‌ನ ಮೂರನೆಯ ನಿಯಮದಂತೆ ಗಾಳಿ ರೆಕ್ಕೆಯನ್ನು ಕೆಳಕ್ಕೆ ದೂಡುತ್ತದೆ. ಇದಕ್ಕಿಂತ ಜಾಣತನದ ಕೆಲಸ ನಡೆಯುವುದು ಕಾರಿನ ಅಡಿಯಲ್ಲಿ. ತಳಕ್ಕೂ ನೆಲಕ್ಕೂ ನಡುವಿನ ಕಿರಿದಾದ ಸಂದಿಯಲ್ಲಿ ಗಾಳಿ ರಭಸವಾಗಿ ಹರಿಯುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ. ಹಿಂತುದಿಯಲ್ಲಿ ತಳ ಮೇಲಕ್ಕೆ ಬಾಗಿ ದಾರಿ ಅಗಲವಾಗುತ್ತದೆ. ಡಿಫ್ಯೂಸರ್ ಎಂಬ ಈ ಭಾಗ ಹರಿವನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಒಟ್ಟು ಪರಿಣಾಮವಾಗಿ ಕಾರು ನೆಲಕ್ಕೆ ಅದುಮಿಕೊಳ್ಳುತ್ತದೆ. ರೇಸಿನವರು ಡೌನ್‌ಫೋರ್ಸ್ ಎನ್ನುವ ಇದನ್ನು ನಾವು ಅದುಮುಬಲ ಎನ್ನೋಣ. ಜಿಟಿ ಕಾರಿಗೆ ತನ್ನ ಮೂಲವಾದ ರಸ್ತೆ ಕಾರಿನ ಆಕಾರದ ಕಟ್ಟುಪಾಡಿದೆ. ಎಲ್‌ಎಂಪಿ ಕಾರುಗಳು ಮೊದಲಿನಿಂದಲೂ ಗಾಳಿಗಾಗಿಯೇ ರೂಪುಗೊಂಡವು.

ಅದುಮುಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ: ಅದುಮುಬಲ = ಗುಣಕ × ವೇಗ². ಇದು ಟೈರನ್ನು ಒತ್ತುತ್ತದೆ, ಆದರೆ ತಿರುಗಿಸಬೇಕಾದ ದ್ರವ್ಯರಾಶಿಯನ್ನು ಹೆಚ್ಚಿಸುವುದಿಲ್ಲ. ಇಡೀ ವಿಷಯದ ತಿರುಳು ಇಲ್ಲಿದೆ. ಈಗ ಸಮೀಕರಣವನ್ನು ಮತ್ತೆ ಬರೆಯಿರಿ:

ಘರ್ಷಣಾಂಕ × (ದ್ರವ್ಯರಾಶಿ × ಗುರುತ್ವ ವೇಗೋತ್ಕರ್ಷ + ಗುಣಕ × ವೇಗ²) = ದ್ರವ್ಯರಾಶಿ × ವೇಗ² ÷ ತ್ರಿಜ್ಯ

ದ್ರವ್ಯರಾಶಿ ಈ ಬಾರಿ ರದ್ದಾಗುವುದಿಲ್ಲ. ಬಿಡಿಸಿದಾಗ ಹಳೆಯ ಉತ್ತರವನ್ನು (1 − ಘರ್ಷಣಾಂಕ × ತ್ರಿಜ್ಯ × ಗುಣಕ ÷ ದ್ರವ್ಯರಾಶಿ) ಎಂಬುದರಿಂದ ಭಾಗಿಸಿದಷ್ಟು ವೇಗ² ಸಿಗುತ್ತದೆ.

ಸಂಖ್ಯೆಗಳನ್ನು ಹಾಕಿ ನೋಡೋಣ. ಇವು ಯಾವುದೇ ತಂಡದ ಅಳತೆಗಳಲ್ಲ, ನಾನು ಲೆಕ್ಕಕ್ಕೆ ಅನುಕೂಲವಾಗುವಂತೆ ಆರಿಸಿಕೊಂಡವು. ಎಲ್‌ಎಂಪಿ2ಗೆ ಚಾಲಕನೂ ಸೇರಿ 1000 ಕೆಜಿ, ಗುಣಕ 2 (ಗಂಟೆಗೆ 252 ಕಿಮೀ ವೇಗದಲ್ಲಿ ಅದುಮುಬಲ ಕಾರಿನ ತೂಕಕ್ಕೆ ಸಮ ಎಂದರ್ಥ). ಜಿಟಿಗೆ 1350 ಕೆಜಿ, ಗುಣಕ 0.9. ಅದೇ 100 ಮೀಟರ್ ತಿರುವಿನಲ್ಲಿ ಜಿಟಿಯ ಮಿತಿ ಗಂಟೆಗೆ 145 ಕಿಮೀ, ಎಲ್‌ಎಂಪಿ2ರದು 165.

ತ್ರಿಜ್ಯವನ್ನು 20 ಮೀಟರಿಗೆ ಇಳಿಸಿದರೆ ಗಾಳಿಯಿಲ್ಲದ ಲೆಕ್ಕಕ್ಕೆ 62, ಜಿಟಿಗೆ ಅದಕ್ಕಿಂತ ಅರ್ಧ ಕಿಮೀ ಹೆಚ್ಚು, ಎಲ್‌ಎಂಪಿ2ಗೆ 64. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು! 200 ಮೀಟರಿಗೆ ಏರಿಸಿದರೆ ಜಿಟಿಗೆ 218, ಎಲ್‌ಎಂಪಿ2ಗೆ 309. ಎಲ್‌ಎಂಪಿ2 ಅಷ್ಟು ವೇಗವನ್ನು ಹೇಗೂ ಮುಟ್ಟುವುದು ಕಷ್ಟ. ಎಂದರೆ ಜಿಟಿ ಚಾಲಕ ವೇಗ ತಗ್ಗಿಸಬೇಕಾದ ಕಡೆ ಎಲ್‌ಎಂಪಿ2 ಚಾಲಕನಿಗೆ ಅದು ತಿರುವೇ ಅಲ್ಲ. ಆಗಿನ ಯಾಸ್ ಮರೀನಾ ಪಥ 5.554 ಕಿಮೀ ಉದ್ದದ್ದು, 21 ತಿರುವುಗಳದು. ಅವುಗಳಲ್ಲಿ ಬಿಗಿಯಾದವು ಬಹಳ. ಅಂಥ ತಿರುವಿನಲ್ಲಿ ಮೂರೂ ವರ್ಗಗಳು ಒಂದರ ಬೆನ್ನಿಗೊಂದು ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತೆವಳಿ, ಆಮೇಲೆ ಚದುರುತ್ತವೆ.

333 ಮೀಟರ್ ತ್ರಿಜ್ಯಕ್ಕೆ ನಮ್ಮ ಎಲ್‌ಎಂಪಿ2ರ ಛೇದ ಸೊನ್ನೆಯಾಗಿ ವೇಗ ಅನಂತವಾಗುತ್ತದೆ. ವಿದ್ಯಾರ್ಥಿಗಳಿಗೆ ಇದು ತಮಾಷೆಯ ಘಟ್ಟ. ಆದರೆ ಸೂತ್ರ ಇಲ್ಲಿ ಅತಿಯಾಸೆ ಪಡುತ್ತಿದೆ. ಭಾರ ಹೆಚ್ಚಿದಂತೆ ರಬ್ಬರಿನ ಘರ್ಷಣಾಂಕ ಇಳಿಯುತ್ತದೆ. ಅದು ಸ್ಥಿರಾಂಕ ಎಂಬ ಪಠ್ಯದ ಮಾತು ರಬ್ಬರಿನ ಮಟ್ಟಿಗೆ ನಿಜವಲ್ಲ. ಜೊತೆಗೆ ಗಾಳಿಯ ತಡೆಯನ್ನು ಎದುರಿಸಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿ ಏರುತ್ತದೆ. ಗರಿಷ್ಠ ವೇಗವನ್ನು 10% ಹೆಚ್ಚಿಸಲು 33% ಹೆಚ್ಚು ಶಕ್ತಿ ಬೇಕು.

‘ವೇಗವಾಗಿ ಹೋದಷ್ಟೂ ಹಿಡಿತ ಹೆಚ್ಚು, ಆದ್ದರಿಂದ ಹೆದರಿ ನಿಧಾನಿಸಬಾರದು’ ಎಂಬ ಮಾತನ್ನು ರೇಸಿನ ಅಭಿಮಾನಿಗಳಿಂದ ಕೇಳಿರಬಹುದು. ಹಿಡಿತ ಹೆಚ್ಚುವುದು ನಿಜ. ಆದರೆ 100 ಮೀಟರ್ ತಿರುವಿನಲ್ಲಿ ಬೇಕಾಗುವ ಕೇಂದ್ರಾಭಿಮುಖ ಬಲ ಅದಕ್ಕಿಂತ ಬೇಗ ಏರುತ್ತದೆ. ನಿಧಾನವಾಗಿ ಹೋದವನ ಕೈಯಲ್ಲೇ ಮಿಗತೆ ಹೆಚ್ಚು. ತೀರಾ ನಿಧಾನಿಸಿದರೆ ಟೈರು ತಣ್ಣಗಾಗಿ ಘರ್ಷಣಾಂಕವೇ ಬಿದ್ದೀತು ಎಂಬಷ್ಟು ಮಾತ್ರ ಆ ಮಾತಿನಲ್ಲಿ ಸತ್ಯವಿದೆ.

ನಿಜವಾದ ಅಪಾಯ ಇರುವುದು ಮುಂದಿನ ಕಾರಿನ ಬಾಲದಲ್ಲಿ. ವೇಗದ ಎಲ್‌ಎಂಪಿ2 ಕೆಲವೇ ಸುತ್ತುಗಳಿಗೊಮ್ಮೆ ಜಿಟಿಗಳ ಗುಂಪನ್ನು ಹಿಡಿಯುತ್ತದೆ. ಮುಂದಿನ ಕಾರು ಕದಡಿಬಿಟ್ಟ ಗಾಳಿಯಲ್ಲಿ ಹಿಂದಿನ ಕಾರಿನ ರೆಕ್ಕೆ ಸರಿಯಾಗಿ ಕೆಲಸ ಮಾಡದು. ಗುಣಕ 2ರಿಂದ 1.5ಕ್ಕೆ ಇಳಿಯಿತೆಂದುಕೊಳ್ಳಿ. 100 ಮೀಟರ್ ತಿರುವಿನ ಮಿತಿ 165ರಿಂದ 157ಕ್ಕೆ ಬೀಳುತ್ತದೆ. ಹಿಂದಿನ ಸುತ್ತಿನಲ್ಲಿ 165ರಲ್ಲಿ ಸುರಕ್ಷಿತವಾಗಿ ದಾಟಿದ್ದ ಚಾಲಕ ಅದೇ ತಿರುವಿನಲ್ಲಿ, ಅದೇ ವೇಗದಲ್ಲಿ, ಈ ಸಲ ಹೊರಕ್ಕೆ ಜಾರುತ್ತಾನೆ. ರಸ್ತೆ ಬದಲಾಗಿಲ್ಲ, ಟೈರು ಬದಲಾಗಿಲ್ಲ. ಜಿಟಿ ತಂಡಗಳಲ್ಲಿ ಹವ್ಯಾಸಿ ಚಾಲಕರೂ ಇರುವ ಈ ಸರಣಿಯಲ್ಲಿ, ಎಲ್ಲಿ ಕಾದು ಎಲ್ಲಿ ನುಗ್ಗಬೇಕೆಂಬ ತೀರ್ಮಾನಕ್ಕೆ ಬೆಲೆ ಬರುವುದು ಇದರಿಂದಲೇ.

ತರಗತಿಗೆ ಒಂದು ಲೆಕ್ಕ. ಎಲ್‌ಎಂಪಿ2ರ ಟ್ಯಾಂಕು 75 ಲೀಟರಿನದು. ಪೆಟ್ರೋಲಿನ ಸಾಂದ್ರತೆ ಲೀಟರಿಗೆ 0.75 ಕೆಜಿ ಎಂದುಕೊಂಡರೆ ತುಂಬಿದಾಗ ಸುಮಾರು 56 ಕೆಜಿ ಹೆಚ್ಚುತ್ತದೆ. ನಮ್ಮ 1000 ಕೆಜಿ ಖಾಲಿ ಟ್ಯಾಂಕಿನ ಲೆಕ್ಕ. ತುಂಬಿದ ಟ್ಯಾಂಕಿನಲ್ಲಿ 100 ಮೀಟರ್ ತಿರುವಿನ ಮಿತಿ ಎಷ್ಟು? ಹಳೆಯ ಸೂತ್ರ ‘ವ್ಯತ್ಯಾಸವಿಲ್ಲ’ ಎನ್ನುತ್ತದೆ. ಹೊಸದರಲ್ಲಿ ಗಂಟೆಗೆ ಸುಮಾರು 2 ಕಿಮೀ ಕಡಿಮೆ ಬರಬೇಕು. ಇಂಧನ ಉರಿದಂತೆ ಈ 2 ಕಿಮೀ ಮರಳಿ ಸಿಗುತ್ತದೆ. ಅಷ್ಟರಲ್ಲಿ ಟೈರು ಸವೆದಿರುತ್ತದೆ. ಘರ್ಷಣಾಂಕ 1.5ರಿಂದ ಎಷ್ಟಕ್ಕೆ ಇಳಿದರೆ ಆ ಲಾಭವೆಲ್ಲ ಅಳಿಸಿಹೋಗುತ್ತದೆ ಎಂಬುದನ್ನು ವಿದ್ಯಾರ್ಥಿಗಳೇ ಕಂಡುಹಿಡಿಯಲಿ.