ಹಾಯಿದೋಣಿಯನ್ನೆಳೆಯುವ ಟ್ರಕ್ಕು

ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ನೆಲೆಸಿರುವ ಕನ್ನಡಿಗ ಓದುಗರೊಬ್ಬರು, ತಾವು ಕೆಟಲೀನಾ 22 ಎಂಬ ಹಾಯಿದೋಣಿಯೊಂದನ್ನು ಕೊಂಡಿರುವುದಾಗಿಯೂ, ಅದನ್ನು ಟ್ರೈಲರಿನ ಮೇಲೇರಿಸಿ ಸರೋವರದ ದಡಕ್ಕೆ ಒಯ್ಯಲು ಎಷ್ಟು ಅಶ್ವಶಕ್ತಿಯ ಟ್ರಕ್ಕು ಬೇಕಾದೀತೆಂದೂ ಕೇಳಿ ಬರೆದಿದ್ದಾರೆ. ಪ್ರಶ್ನೆ ಸೊಗಸಾದದ್ದು, ಆದರೆ ಎಂಜಿನ್ನಿನ ಬಲವೊಂದೇ ಎಳೆತದ ಸರ್ವಸ್ವವೆಂಬ ಭಾವನೆಯಿಂದ ಅದು ಹೊರಟಿರುವುದರಿಂದ, ಆ ಭಾವನೆಯನ್ನೇ ಮೊದಲು ಪರೀಕ್ಷಿಸಬೇಕಾಗಿದೆ.

ಬಲದ ವಿಷಯದಲ್ಲಿ ಚಿಂತೆಗೆ ಕಾರಣವಿಲ್ಲ. ಹಿಂದೆ ಪ್ರತಿಯೊಬ್ಬ ತಯಾರಕನೂ ತನ್ನ ಅಳತೆಗೋಲಿನಿಂದ ತನ್ನ ಟ್ರಕ್ಕಿನ ಎಳೆತವನ್ನು ಸಾರಿಕೊಳ್ಳುತ್ತಿದ್ದನು. 2008ರಲ್ಲಿ ವಾಹನ ಎಂಜಿನಿಯರುಗಳ ಸಂಸ್ಥೆಯು ಜೆ 2807 ಎಂಬ ಸಮಾನ ಪರೀಕ್ಷಾಕ್ರಮವನ್ನು ಪ್ರಕಟಿಸಿತು. ಅರಿಜೋನಾದಲ್ಲಿ ಕೊಲೊರಾಡೊ ನದಿಯ ಡೇವಿಸ್ ಅಣೆಕಟ್ಟಿನ ಬಳಿ ಮೇಲೇರುವ 11.4 ಮೈಲಿಯ ದಾರಿಯನ್ನು, 100 ಡಿಗ್ರಿ ಫ್ಯಾರನ್‌ಹೀಟಿನ ಉರಿಯಲ್ಲಿ, ಏರ್‌ಕಂಡಿಷನರನ್ನು ಪೂರ್ಣವಾಗಿ ತೆರೆದಿಟ್ಟು, ಗಂಟೆಗೆ 40 ಮೈಲಿಗೆ ಕಡಮೆಯಾಗದ ವೇಗದಲ್ಲಿ ಹತ್ತಬೇಕೆಂಬುದು ಅದರ ನಿಬಂಧನೆಗಳಲ್ಲೊಂದು. ಇಂಥ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಧ್ಯಮ ಗಾತ್ರದ ಟ್ರಕ್ಕುಗಳು, ಉದಾಹರಣೆಗೆ ಆರು ಸಿಲಿಂಡರಿನ ಟೊಯೊಟಾ ಟಕೋಮಾ, ಎಳೆತಕ್ಕೆ ತಕ್ಕ ಸಜ್ಜಿದ್ದರೆ 6,000 ಪೌಂಡಿಗೂ ಮೇಲ್ಪಟ್ಟು ಎಳೆಯಬಲ್ಲವು.

1969ರಲ್ಲಿ ಫ್ರ್ಯಾಂಕ್ ಬಟ್ಲರ್ ರೂಪಿಸಿದ ಕೆಟಲೀನಾ 22 ಎಳೆದೊಯ್ಯುವುದಕ್ಕೆಂದೇ ಹುಟ್ಟಿದ ದೋಣಿ. ಅದರ ಒಂದು ಮಾದರಿಯಲ್ಲಿ ಸುಮಾರು 250 ಕಿಲೋಗ್ರಾಮಿನ ಎರಕದ ಕಬ್ಬಿಣದ ಅಡಿಹಲಗೆಯು ಕೀಲಿನ ಮೇಲೆ ತಿರುಗಿ ಒಡಲಿನತ್ತ ಮೇಲಕ್ಕೆ ಮಡಚಿಕೊಳ್ಳುತ್ತದೆ. ತಯಾರಕರ ಪತ್ರಕದಲ್ಲಿ ದೋಣಿಯ ತೂಕವನ್ನು ಸಾವಿರ ಕಿಲೋಗ್ರಾಮಿಗಿಂತ ತುಸು ಮೇಲೆಂದು ತೋರಿಸಿದ್ದರೂ, ಟ್ರೈಲರು, ಮೋಟಾರು, ಹಾಯಿಗಳು, ಲಂಗರು, ಇಂಧನ ಎಲ್ಲವೂ ಕೂಡಿದಾಗ ಅದು ಸುಲಭವಾಗಿ 1,700ನ್ನು ಮುಟ್ಟುತ್ತದೆ. ಹೆದ್ದಾರಿಯ ಬದಿಯ ಲಾರಿ ತಂಗುದಾಣದಲ್ಲಿ ಅಲ್ಪ ಶುಲ್ಕ ತೆತ್ತು ಒಮ್ಮೆ ತೂಗಿಸಿ ನೋಡದೆ ಪತ್ರಕವನ್ನು ನಂಬುವುದು ಸಲ್ಲದು.

ಇನ್ನು ನನ್ನ ಮನಸ್ಸನ್ನು ಬಹುಕಾಲದಿಂದ ಸೆರೆಹಿಡಿದಿರುವ ಸಂಗತಿಗೆ ಬರುತ್ತೇನೆ. ನೆಟ್ಟಗೆ ಓಡುತ್ತಿರುವ ಟ್ರೈಲರು, ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದಾಗ ಎದ್ದ ಗಾಳಿಯಿಂದ ತುಸು ಓರೆಯಾಯಿತೆನ್ನೋಣ. ಓರೆಯಾದೊಡನೆ ಅದರ ಟಯರುಗಳು ನೆಲವನ್ನು ಅಡ್ಡಲಾಗಿ ಉಜ್ಜಿ, ಅದನ್ನು ನೇರಕ್ಕೆಳೆಯುವ ಬಲವನ್ನು ಹುಟ್ಟಿಸುತ್ತವೆ; ಟ್ರೈಲರು ನೇರಕ್ಕೆ ಬಂದು, ಅಲ್ಲಿ ನಿಲ್ಲದೆ ಆಚೆಯ ಮಗ್ಗುಲಿಗೆ ವಾಲಿ, ಮತ್ತೆ ಹಿಂದಿರುಗಿ, ಪ್ರತಿಯೊಂದು ತೂಗಿನಲ್ಲಿಯೂ ಕುಗ್ಗುತ್ತ ಶಾಂತವಾಗುತ್ತದೆ. ಆದರೆ ಈ ಶಮನಗುಣವು ವೇಗ ಹೆಚ್ಚಿದಂತೆಲ್ಲ ಕ್ಷೀಣಿಸುತ್ತದೆ. ಏಕೆಂದರೆ ಪಕ್ಕದ ಚಲನೆ ಅಷ್ಟೇ ಇದ್ದರೂ, ಮುಂದಿನ ಓಟ ತೀವ್ರವಾದಷ್ಟೂ ಟಯರು ನೆಲಕ್ಕೆ ಓರೆಯಾಗುವ ಕೋನವು ಕಿರಿದಾಗುತ್ತದೆ. ಒಂದು ನಿರ್ದಿಷ್ಟ ವೇಗದಲ್ಲಿ ತೂಗಾಟವು ಕುಗ್ಗುವುದೂ ಇಲ್ಲ, ಹಿಗ್ಗುವುದೂ ಇಲ್ಲ. ಅದನ್ನು ದಾಟಿದೆವೋ, ಒಂದೊಂದು ತೂಗೂ ಹಿಂದಿನದಕ್ಕಿಂತ ದೊಡ್ಡದಾಗಿ, ಕೆಲವೇ ಕ್ಷಣಗಳಲ್ಲಿ ಟ್ರೈಲರು ಟ್ರಕ್ಕನ್ನೂ ಸೆಳೆದುಕೊಂಡು ರಸ್ತೆಯಾಚೆ ಉರುಳುತ್ತದೆ. ಹೀಗೆ ಹಿಗ್ಗುವುದಕ್ಕೆ ಬೇಕಾದ ಶಕ್ತಿಯು ಗಾಳಿಯದಲ್ಲ, ವಾಹನದ ಮುಂದಿನ ಓಟದಿಂದಲೇ ಹೀರಿಕೊಂಡದ್ದು! ಆದುದರಿಂದ ತೂಗಾಟ ತೊಡಗಿದಾಗ ವೇಗವನ್ನು ಹೆಚ್ಚಿಸಿ ನೇರಮಾಡಿಕೊಳ್ಳಬೇಕೆಂದು ಕೆಲವರು ಬೋಧಿಸುವ ಉಪಾಯವು ಉರಿಗೆ ಎಣ್ಣೆಯೆರೆಯುವ ಅವಿವೇಕವಲ್ಲದೆ ಬೇರಲ್ಲ. ವೇಗವರ್ಧಕದ ಮೇಲಿನ ಕಾಲನ್ನು ಮೆಲ್ಲನೆ ತೆಗೆದು, ಚುಕ್ಕಾಣಿಯನ್ನು ನೇರವಾಗಿ ಹಿಡಿದು, ವೇಗವು ತಾನಾಗಿ ಇಳಿಯುವಂತೆ ಬಿಡತಕ್ಕದ್ದು.

ತೂಗಾಟವು ಹಿಗ್ಗತೊಡಗುವ ಆ ವೇಗವು ಎಷ್ಟೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಭಾರವನ್ನಿಟ್ಟ ಕ್ರಮ. ಆಟಿಕೆಯ ಟ್ರಕ್ಕೊಂದಕ್ಕೆ ಟ್ರೈಲರನ್ನು ಕಟ್ಟಿ, ಓಡುವ ಪಟ್ಟಿಯ ಮೇಲೆ ನಿಲ್ಲಿಸಿ, ಭಾರವನ್ನು ಮುಂದಿಟ್ಟು ಬೆರಳಿನಿಂದ ತಟ್ಟಿದರೆ ಅದು ಒಡನೆಯೇ ಸುಮ್ಮನಾಗುತ್ತದೆ. ಅದೇ ಭಾರವನ್ನು ಹಿಂದಕ್ಕೆ ಸರಿಸಿ ತಟ್ಟಿದರೆ ಹುಚ್ಚೆದ್ದು ಹೊರಳುತ್ತದೆ. ಕೊಂಡಿಯ ಮೇಲೆ ಹೊರೆ ಕಡಮೆಯಾದರೆ ಟ್ರಕ್ಕಿಗೆ ಸುಖವೆಂದು ದೋಣಿಯನ್ನು ಹಿಂದಕ್ಕೆ ಜರುಗಿಸುವವರು ಈ ಪ್ರಯೋಗವನ್ನು ಒಮ್ಮೆ ಕಣ್ಣಾರೆ ಕಾಣಬೇಕು. ನಮ್ಮ ಗಾಡಿಕಾರರು ಮೂಟೆಗಳನ್ನು ಹೇರುವಾಗ ಮೂಕಿಯನ್ನು ಕೈಯಿಂದೆತ್ತಿ ನೋಡಿ, ಎತ್ತುಗಳ ಹೆಗಲಿಗೆ ತಕ್ಕಷ್ಟು ಮುಂಭಾರವನ್ನು ಉಳಿಸುತ್ತಿದ್ದರು; ಹಿಂಭಾರವಾದರೆ ನೊಗವು ಮೇಲಕ್ಕೆದ್ದು ಕೊರಳು ಬಿಗಿಯುವುದೆಂಬುದು ಅವರಿಗೆ ತಿಳಿದಿತ್ತು. ಟ್ರೈಲರಿಗೂ ಒಟ್ಟು ತೂಕದ ಹತ್ತನೆಯ ಒಂದು ಪಾಲಿನಷ್ಟಾದರೂ ಮುಂಭಾರ ಬೇಕು. ಹಾಯಿದೋಣಿಗೆ ಇಲ್ಲಿ ಒಂದು ಸಹಜ ಅನುಕೂಲವುಂಟು: ಅದರ ಕಬ್ಬಿಣವೆಲ್ಲ ನಡುವಿನಲ್ಲಿಯೇ ಇರುವುದರಿಂದ ತಿರುಗಾಟದ ಜಡತ್ವವು ತೂಕದ ಮಾನಕ್ಕೆ ಕಡಮೆ. ಹಿಂದುಗಡೆ ನೇತುಬಿದ್ದ ಮೋಟಾರನ್ನು ಬಿಚ್ಚಿ ಟ್ರಕ್ಕಿನೊಳಗಿಟ್ಟರೆ ಇನ್ನೂ ಒಳ್ಳೆಯದು. ಹೊಸ ವಾಹನದ ಚಕ್ರದಡಿ ನಿಂಬೆಹಣ್ಣು ಅರೆಯುವ ನಮ್ಮವರ ವಾಡಿಕೆಯಾಗಲಿ, ಕೂವೆಕಂಬದ ಬುಡದಲ್ಲಿ ನಾಣ್ಯವಿಡುವ ಪಾಶ್ಚಾತ್ಯ ನಾವಿಕರ ವಾಡಿಕೆಯಾಗಲಿ, ಗುರುತ್ವಕೇಂದ್ರವನ್ನು ಕೂದಲೆಳೆಯಷ್ಟೂ ಕದಲಿಸಲಾರದು.

ಮುಂಭಾರವನ್ನು ಅಳೆಯಲು ಸ್ನಾನದ ಮನೆಯ ತಕ್ಕಡಿ ಸಾಕು. ಹಲಗೆಯ ಒಂದು ತುದಿಯನ್ನು ತಕ್ಕಡಿಯ ಮೇಲೂ ಇನ್ನೊಂದನ್ನು ಇಟ್ಟಿಗೆಯ ಮೇಲೂ ಇಟ್ಟು, ಇಟ್ಟಿಗೆಯಿಂದ ಒಂದು ಅಡಿ, ತಕ್ಕಡಿಯಿಂದ ಎರಡು ಅಡಿ ದೂರದಲ್ಲಿ ಟ್ರೈಲರಿನ ಮೂತಿಯನ್ನು ಇಳಿಸಿದರೆ, ಮುಳ್ಳು ತೋರಿಸಿದ್ದರ ಮೂರರಷ್ಟು ಮುಂಭಾರವಾಗುತ್ತದೆ.

ಹಾಗಾದರೆ ಟ್ರಕ್ಕಿನಲ್ಲಿ ಹುಡುಕಬೇಕಾದುದೇನು? ಮುಂದಿನ ಹಿಂದಿನ ಅಚ್ಚುಗಳ ಅಂತರ ಉದ್ದವಾಗಿರಬೇಕು. ಹಿಂದಿನ ಅಚ್ಚಿನಿಂದ ಕೊಂಡಿಯವರೆಗಿನ ಚಾಚು ಗಿಡ್ಡವಾಗಿರಬೇಕು, ಏಕೆಂದರೆ ಟ್ರೈಲರು ಟ್ರಕ್ಕಿನ ಬೆನ್ನನ್ನು ತಿರುಚುವ ಸನ್ನೆಗೋಲು ಅದೇ. ತೂಕದಲ್ಲಿ ಟ್ರಕ್ಕು ಟ್ರೈಲರಿಗಿಂತ ಹಿರಿದಾಗಿರಬೇಕು. ನಾಲ್ಕು ಚಕ್ರಗಳಿಗೂ ಚಾಲನೆಯಿರಬೇಕೆಂಬುದು ಇಳಿಜಾರಿನ ದಡದಲ್ಲಿ ಮನವರಿಕೆಯಾಗುತ್ತದೆ. ಹಾಯಿದೋಣಿಯು ಅಡಿಹಲಗೆಯ ಕಾರಣದಿಂದ ಟ್ರೈಲರಿನ ಮೇಲೆ ಎತ್ತರದಲ್ಲಿ ಕುಳಿತಿರುವುದರಿಂದ, ಅದು ತೇಲಬೇಕಾದರೆ ಟ್ರೈಲರು ನೀರಿನೊಳಕ್ಕೆ ಆಳವಾಗಿ ಇಳಿಯಬೇಕು. ಗ್ರ್ಯಾಂಡ್ ಟ್ರಾವರ್ಸ್ ಕೊಲ್ಲಿಯ ದಡದಲ್ಲಿ ನಿಂತು ನಾನು ನೋಡುತ್ತಿದ್ದಾಗ, ಹಿಂಚಕ್ರಗಳಿಗೆ ಮಾತ್ರ ಚಾಲನೆಯಿದ್ದ ಟ್ರಕ್ಕೊಂದು ದೋಣಿಯನ್ನು ಮೇಲಕ್ಕೆಳೆಯಹೊರಟು, ನೀರಂಚಿನ ಹಸುರು ಪಾಚಿಯ ಮೇಲೆ ಟಯರುಗಳನ್ನು ಗಿರ್ರನೆ ತಿರುಗಿಸುತ್ತ, ಕಾಂಕ್ರೀಟಿನ ಮೇಲೆ ಅಂಗುಲದಷ್ಟೂ ಮುಂದುವರಿಯದೆ ನಿಂತುಬಿಟ್ಟಿತು.

ಕೊನೆಯದಾಗಿ, ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿರುವ ಚೀಟಿಯಲ್ಲಿ ಜನವೂ ಸಾಮಾನೂ ಕೂಡಿ ಎಷ್ಟು ತೂಕ ಮೀರಬಾರದೆಂದು ನಮೂದಿಸಿರುತ್ತದೆ. ಅದು 500 ಕಿಲೋಗ್ರಾಮೆಂದು ಇಟ್ಟುಕೊಂಡರೆ, ನಾಲ್ವರು ಪ್ರಯಾಣಿಕರಿಗೆ 280, ಮೋಟಾರು ಮತ್ತು ಬುತ್ತಿಗಂಟಿಗೆ 80, ಕೊಂಡಿಯ ಮೇಲಿನ ಮುಂಭಾರಕ್ಕೆ 170. ಎಳೆತದ ಸಾಮರ್ಥ್ಯ ಇನ್ನೂ ಧಾರಾಳವಾಗಿ ಮಿಕ್ಕಿರುವಾಗಲೇ ಹೊರೆಯ ಮಿತಿಯನ್ನು 30 ಕಿಲೋಗ್ರಾಮಿನಷ್ಟು ದಾಟಿದಂತಾಯಿತು. ಪತ್ರ ಬರೆದ ಮಹನೀಯರು ಸಂಸಾರಸಮೇತರಾಗಿ ಹೊರಡುವವರಾದರೆ ಫೋರ್ಡ್ ಎಫ್-150ರ ವರ್ಗದ ದೊಡ್ಡ ಟ್ರಕ್ಕನ್ನೇ, ಚೀಟಿಯನ್ನು ಓದಿದ ಬಳಿಕ, ಆರಿಸಿಕೊಳ್ಳಲಿ; ಒಬ್ಬ ಗೆಳೆಯನೊಡನೆ ಮಾತ್ರ ಹೋಗುವುದಾದರೆ ಟಕೋಮಾ ಸಾಕು.