ಶಾಲೆಗೆ ಮುಂಚಿನ ಎರಡು ವರ್ಷ

ಶಿಕ್ಷಣದ ವಿಚಾರವಾಗಿ ಬರೆಯುವುದು ಅಧ್ಯಾಪಕರಿಗೆ ಒಪ್ಪುವ ಕೆಲಸವೇ ಹೊರತು ವಿದ್ಯಾರ್ಥಿಗಳಿಗಲ್ಲವೆಂದು ಕೆಲವರು ಹೇಳಬಹುದು. ಅದರಲ್ಲಿಯೂ ನಾಲ್ಕು ವರ್ಷದ ಮಗುವಿನ ಕಲಿಕೆಯ ಮಾತನ್ನು ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಎತ್ತಿದರೆ ಹಿರಿಯರಿಗೆ ನಗು ಬಂದೀತು. ಆದರೂ ನಮ್ಮ ಮನೆಯಲ್ಲಿ ಈ ಎರಡು ವರ್ಷ ನಡೆದ ಪ್ರಯತ್ನವೊಂದನ್ನು ಇಲ್ಲಿ ಅರಿಕೆ ಮಾಡಿಕೊಳ್ಳಬೇಕೆಂದು ನನಗೆ ತೋರಿದೆ. ನನ್ನ ಹಾಗೆ ಮನೆತನದಲ್ಲಿ ಮೊತ್ತಮೊದಲಿಗೆ ಪದವಿ ತರಗತಿಯ ಮೆಟ್ಟಿಲು ಹತ್ತಿದವರು ನಮ್ಮ ಕಾಲೇಜಿನಲ್ಲಿ ಬಹುಮಂದಿ ಇದ್ದಾರೆ. ಅವರ ಮನೆಗಳಲ್ಲಿಯೂ ಚಿಕ್ಕ ಮಕ್ಕಳಿರುವುದು ಸಹಜ.

ನಮ್ಮದು ತಿಪಟೂರು ಸೀಮೆಯ ಒಂದು ತೋಟದ ಮನೆ. ಊರಿಗೆ ಎರಡೂವರೆ ಕಿಲೋಮೀಟರು. ಅಂಗನವಾಡಿ ಇರುವುದು ಊರೊಳಗೆ. ಬೆಳಿಗ್ಗೆ ಏಳು ಗಂಟೆಗೇ ಅಣ್ಣನೂ ಅತ್ತಿಗೆಯೂ ಕೆಲಸಕ್ಕೆ ಹೊರಟುಬಿಡುತ್ತಾರೆ. ಮಗುವನ್ನು ದಿನವೂ ಕರೆದೊಯ್ದು ಕರೆತರುವವರಿಲ್ಲ. ಅಣ್ಣನ ಮಗಳು ಪುಟ್ಟಿಗೆ ನಾಲ್ಕು ತುಂಬಿದಾಗ ಮನೆಯಲ್ಲಿ ಚರ್ಚೆ ಎದ್ದಿತು. ಹೆದ್ದಾರಿಯವರೆಗೆ ಒಂದು ಖಾಸಗಿ ಶಾಲೆಯ ವ್ಯಾನು ಬರುತ್ತದೆ. ಅಲ್ಲಿ ಎಲ್.ಕೆ.ಜಿ.ಗೆ ಸೇರಿಸುವುದಕ್ಕಾಗಿ ಅತ್ತಿಗೆ ತನ್ನ ಕಿವಿಯ ಓಲೆಯನ್ನು ಅಡವಿಡುವುದೆಂದು ತೀರ್ಮಾನಿಸಿದಳು. ಆಗ ನಾನು ಬಿ.ಎ. ಮೊದಲನೆಯ ವರ್ಷದಲ್ಲಿದ್ದೆ. “ಓಲೆ ಬಿಚ್ಚಬೇಡ ಅತ್ತಿಗೆ. ಒಂದನೆಯ ತರಗತಿಗೆ ಹೋಗುವವರೆಗೂ ನಾನೇ ಮನೆಯಲ್ಲಿ ತಯಾರು ಮಾಡುತ್ತೇನೆ” ಎಂದುಬಿಟ್ಟೆ. ಕಾಲೇಜಿಗೆ ಹೋಗುವವಳ ಮಾತೆಂದು ಎಲ್ಲರೂ ನಂಬಿದರು. ಆ ಮಾತಿನ ಭಾರ ಎಷ್ಟೆಂಬುದು ಆಗ ನನಗೇ ತಿಳಿದಿರಲಿಲ್ಲ.

ಕಾನೂನಿನ ದೃಷ್ಟಿಯಿಂದ ನೋಡಿದರೂ ಇದು ಸ್ವಲ್ಪ ಇಕ್ಕಟ್ಟಿನ ವಯಸ್ಸು. 2009ರ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣದ ಹಕ್ಕನ್ನು ಕೊಟ್ಟಿತು. 3ರಿಂದ 6ರವರೆಗಿನ ಮಕ್ಕಳಿಗೆ ಸರ್ಕಾರವು ಏರ್ಪಾಡು ಮಾಡಬಹುದೆಂದು ಮಾತ್ರ ಅದರಲ್ಲಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 8 ವರ್ಷದವರೆಗಿನ ಕಾಲವನ್ನು ಬುನಾದಿಯ ಹಂತವೆಂದು ಕರೆದು ಅದಕ್ಕೆ ಹೆಚ್ಚಿನ ಮಹತ್ವ ಕೊಟ್ಟಿರುವುದೇನೋ ನಿಜ. ಆದರೆ ತೋಟದ ಮನೆಯ ಮಗುವಿನ ಪಾಲಿಗೆ ಆ ಬುನಾದಿಯನ್ನು ಮನೆಯವರೇ ಹಾಕಬೇಕು.

ನಾನು ಆರಂಭಿಸಿದ ರೀತಿಯನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಸಂತೆಯಿಂದ ಸ್ಲೇಟು, ಬಳಪ ತಂದೆ. ಸಂಜೆ ಬಸ್ಸಿಳಿದು ಮನೆ ಸೇರಿದೊಡನೆ ಮಗುವನ್ನು ಕೂರಿಸಿಕೊಂಡು ‘ಅ ಆ ಇ ಈ’ ತಿದ್ದಿಸತೊಡಗಿದೆ. ನಲವತ್ತೊಂಬತ್ತು ಅಕ್ಷರಗಳನ್ನು ದಿನಕ್ಕೊಂದರಂತೆ ಕಲಿಸಿದರೆ ಎರಡು ತಿಂಗಳೊಳಗೆ ಮುಗಿಯಿತು ಎಂದು ನನ್ನ ಲೆಕ್ಕ. ನಾಲ್ಕನೆಯ ದಿನ ಪುಟ್ಟಿ ಬಳಪವನ್ನು ಮುಷ್ಟಿಯಲ್ಲಿ ಹಿಡಿದು ಅತ್ತಳು. ಎಂಟನೆಯ ದಿನ ಸ್ಲೇಟೇ ಕಾಣೆಯಾಯಿತು. ಹದಿನೈದು ದಿನದ ಮೇಲೆ ಹುಲ್ಲಿನ ಮೆದೆಯಲ್ಲಿ ಸಿಕ್ಕಿತು. ನಾನು ಗದರಿಸಿದೆ. ಅವ್ವ ಮಾತ್ರ ನಗುತ್ತಾ, “ಕೈ ಇನ್ನೂ ಹಸೀದು ಕಣೆ, ಬಲಿಯಲಿ ಬಿಡು” ಎಂದಳು. ಅವ್ವನಿಗೆ ಓದು ಬರಹ ತಿಳಿಯದು. ಅವಳ ಮಾತಿಗೆ ಆಗ ನಾನು ಬೆಲೆ ಕೊಡಲಿಲ್ಲ.

ಆಮೇಲೆ ನಮ್ಮ ಕಾಲೇಜಿನ ಪುಸ್ತಕ ಭಂಡಾರದಲ್ಲಿ ಶಿಶುಶಿಕ್ಷಣದ ಪುಸ್ತಕಗಳನ್ನು ಹುಡುಕಿ ಓದಿದೆ. ಜರ್ಮನಿಯ ಫ್ರೊಬೆಲ್ ಎಂಬಾತನು 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟನು. ಅವನು ಮಕ್ಕಳ ಕೈಗೆ ಮೊದಲು ಕೊಟ್ಟದ್ದು ಪುಸ್ತಕವನ್ನಲ್ಲ, ನೂಲಿನ ಚೆಂಡು ಮತ್ತು ಮರದ ಗುಂಡು, ಘನ, ಉರುಳೆಗಳನ್ನು. ಮರಿಯಾ ಮಾಂಟೆಸೊರಿ 1907ರಲ್ಲಿ ರೋಮ್ ನಗರದಲ್ಲಿ ತಮ್ಮ ಮೊದಲ ಶಿಶುಮಂದಿರವನ್ನು ತೆರೆದದ್ದು ಬಡ ಕೂಲಿಕಾರರ ಮಕ್ಕಳಿಗಾಗಿ. ನೀರು ಸುರಿಯುವುದು, ಗುಂಡಿ ಹಾಕುವುದು, ನೆಲ ಗುಡಿಸುವುದು ಅಲ್ಲಿ ಪಾಠವೇ ಆಗಿತ್ತು. ಆಕೆ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೂ ತರಬೇತು ಕೊಟ್ಟರು. ಅದಕ್ಕೂ ಮುಂಚೆ, 1920ರಲ್ಲಿ, ಗಿಜುಭಾಯಿ ಬಧೇಕಾ ಅವರು ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದ್ದರು. ಅವರೊಡನೆ ದುಡಿದ ತಾರಾಬಾಯಿ ಮೋಡಕರು ಮುಂದೆ ಮಹಾರಾಷ್ಟ್ರದ ಬೋರ್ಡಿ ಮತ್ತು ಕೋಸಬಾಡಗಳಲ್ಲಿ, ಶಾಲೆಗೆ ಬರಲಾರದ ಮಕ್ಕಳ ಮನೆಯಂಗಳಕ್ಕೇ ಶಾಲೆಯನ್ನು ಕೊಂಡೊಯ್ದರು. ನಾವಿಂದು ಬಳಸುವ ‘ಅಂಗನವಾಡಿ’ ಎಂಬ ಹೆಸರಿನಲ್ಲಿ ಆ ಅಂಗಳ ಉಳಿದುಕೊಂಡಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾದಾಗ ನಮ್ಮ ರಾಜ್ಯದಲ್ಲಿ ಆಯ್ದುಕೊಂಡ ತಾಲ್ಲೂಕು ತಿರುಮಕೂಡಲು ನರಸೀಪುರ.

ಇವನ್ನೆಲ್ಲ ಓದುತ್ತ ನನಗೆ ಒಂದು ವಿಷಯ ಹೊಳೆಯಿತು. ಈ ಹಿರಿಯರು ಯಾರೂ ನಾಲ್ಕು ವರ್ಷದ ಮಗುವಿನ ಕೈಗೆ ಮೊದಲ ದಿನವೇ ಬಳಪ ಕೊಟ್ಟವರಲ್ಲ. ಅವರು ಕೊಟ್ಟ ಸಾಮಗ್ರಿಗಳಲ್ಲಿ ಬಹುಪಾಲು ಬೇರೆ ರೂಪದಲ್ಲಿ ನಮ್ಮ ಮನೆಯಲ್ಲೇ ಬಿದ್ದಿವೆ. ಅವನ್ನು ಬಳಸಬಲ್ಲವಳು ಅವ್ವ. ಅಂದಿನಿಂದ ಹಗಲಿನ ಗುರು ಅವಳು, ಸಂಜೆಯ ಗುರು ನಾನು ಎಂದಾಯಿತು. ನಾವು ನಡೆಸಿದ ಪಾಠಗಳನ್ನು ಒಂದೊಂದಾಗಿ ತಿಳಿಸುತ್ತೇನೆ.

ಮೊದಲನೆಯದು ಕೈ. ಹುಟ್ಟಿದ ಮಗುವಿನ ಮಣಿಕಟ್ಟಿನಲ್ಲಿ ಎಲುಬುಗಳು ಇನ್ನೂ ಗಟ್ಟಿಯಾಗಿರುವುದಿಲ್ಲ. ಮೆದುವಾದ ಆ ಎಂಟು ತುಣುಕುಗಳು ಒಂದೊಂದಾಗಿ ಬಲಿಯುತ್ತಾ ಹೋಗಿ ಎಲ್ಲವೂ ಎಲುಬಾಗುವುದಕ್ಕೆ ಹತ್ತು ಹನ್ನೆರಡು ವರ್ಷ ಬೇಕು. ‘ಕೈ ಹಸೀದು’ ಎಂದ ಅವ್ವನ ಮಾತು ಸುಳ್ಳಲ್ಲ. ಆದರೆ ಬೆರಳಿಗೆ ಕೆಲಸವಿಲ್ಲದೆ ಹಿಡಿತವೂ ಬಾರದು. ಮಾಗಿಯ ಕಾಲದಲ್ಲಿ ನೆನೆಸಿದ ಅವರೆಕಾಳನ್ನು ಹಿತುಕಿ ಬೇಳೆ ತೆಗೆಯುವಾಗ ಹೆಬ್ಬೆರಳು ಮತ್ತು ತೋರುಬೆರಳು ಕೂಡುವ ರೀತಿಯನ್ನು ಗಮನಿಸಿ. ಪೆನ್ಸಿಲು ಹಿಡಿಯುವುದೂ ಅದೇ ಎರಡು ಬೆರಳುಗಳಿಂದ. ರಂಗೋಲಿಯ ಪುಡಿಯನ್ನು ಚಿಟಿಕೆ ಹಿಡಿದು ಎಳೆ ಬಿಡುವುದೂ ಹಾಗೆಯೇ. ಒಂದು ಚಳಿಗಾಲವೆಲ್ಲ ಪುಟ್ಟಿ ಅಜ್ಜಿಯ ಪಕ್ಕ ಕುಳಿತು ಬೇಳೆ ಹಿತುಕಿದಳು. ಅರ್ಧ ಬೇಳೆ ಅವಳ ಮುಖಕ್ಕೇ ಹಾರುತ್ತಿತ್ತು. ಆದರೆ ಮತ್ತೆ ಬಳಪ ಕೊಟ್ಟಾಗ ಮುಷ್ಟಿ ಬಿಟ್ಟು ಬೆರಳಲ್ಲಿ ಹಿಡಿದಳು.

ಎರಡನೆಯದು ಎಣಿಕೆ. ಪುಟ್ಟಿ ಇಪ್ಪತ್ತರವರೆಗೆ ಬಾಯಿಪಾಠ ಒಪ್ಪಿಸುತ್ತಿದ್ದಳು. ನಾಲ್ಕು ಹುಣಸೆ ಬೀಜ ಕೊಡು ಎಂದರೆ ಒಂದು ಹಿಡಿ ಕೊಡುತ್ತಿದ್ದಳು. ಹೆಸರು ಹೇಳುವುದು ಬೇರೆ, ಒಂದು ಹೆಸರಿಗೆ ಒಂದೇ ವಸ್ತುವನ್ನು ಹೊಂದಿಸುವುದು ಬೇರೆ. ಅಳಗುಳಿ ಮಣೆಯಲ್ಲಿ ಗುಳಿಗೊಂದರಂತೆ ಬೀಜ ಹಾಕುತ್ತಾ ಹೋಗುವ ಆಟವು ಇದನ್ನು ಯಾವ ಉಪದೇಶವೂ ಇಲ್ಲದೆ ಕಲಿಸಿತು. ಇನ್ನೊಂದು ಸಂಗತಿ ನನ್ನನ್ನೇ ಬೆರಗುಗೊಳಿಸಿತು. ಅವ್ವ ತೆಂಗಿನಕಾಯಿಯನ್ನು ಎರಡೆರಡಾಗಿ ಎಸೆದು ಎಣಿಸುತ್ತಾಳೆ. ನೂರು ತುಂಬಿದೊಡನೆ ಗುರುತಿಗೆಂದು ಒಂದು ಕಾಯಿಯನ್ನು ಬೇರೆ ಇಡುತ್ತಾಳೆ. ಕೊನೆಗೆ ಗುರುತಿನ ಕಾಯಿ ಏಳಿದ್ದರೆ ಏಳುನೂರು. ಒಂದೇ ಕಾಯಿ ಇಟ್ಟ ಜಾಗದಿಂದ ನೂರರ ಬೆಲೆ ಪಡೆಯುವುದೆಂದರೆ ಇದೇ ಅಲ್ಲವೆ? ಸ್ಥಾನಬೆಲೆ ಎಂದು ನನಗೆ ಶಾಲೆಯಲ್ಲಿ ಬಹು ಕಷ್ಟದಿಂದ ತಲೆಗೆ ಹತ್ತಿದ ಪಾಠವನ್ನು ಅವ್ವ ಕಾಯಿ ರಾಶಿಯ ಮುಂದೆ ಕುಳಿತು ವರ್ಷವರ್ಷವೂ ಮಾಡುತ್ತಿದ್ದಳು. ನಾನು ಅದನ್ನು ಒಂದು ದಿನವೂ ಗಣಿತವೆಂದು ಕಂಡಿರಲಿಲ್ಲ.

ಮೂರನೆಯದು ಕಿವಿ ಮತ್ತು ಅಕ್ಷರ. ಕನ್ನಡದ ಬರವಣಿಗೆಯು ಮಾತಿನ ತುಂಡುಗಳನ್ನು ಅನುಸರಿಸಿ ನಡೆಯುವುದರಿಂದ ಚಪ್ಪಾಳೆಯಿಂದಲೇ ಅಕ್ಷರದ ಅರಿವನ್ನು ಮೂಡಿಸಬಹುದು. ‘ಕಮಲ’ ಎಂದರೆ ಮೂರು ಚಪ್ಪಾಳೆ, ಮೂರು ಅಕ್ಷರ. ‘ಅವ್ವ’ ಎಂದರೆ ಎರಡು ಚಪ್ಪಾಳೆ, ಒತ್ತಕ್ಷರವಿದ್ದರೂ ಎರಡೇ ಅಕ್ಷರ. ಈ ಆಟ ಚೆನ್ನಾಗಿ ಬಂದ ಮೇಲೆ ಅಕ್ಷರಕ್ಕೆ ಹೋದೆವು. ಈ ಸಲ ‘ಅ ಆ’ದಿಂದಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ ‘ರ ಗ ಸ ದ ಅ’ ಎಂಬ ಕ್ರಮವಿರುವುದನ್ನು ವಾಚಕರು ಬಲ್ಲರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಕಲಿತವಳು ನಾನು. ಆದರೂ ಕಲಿಸುವ ಸರದಿ ಬಂದಾಗ ಅದನ್ನು ಮರೆತಿದ್ದೆ. ಐದೇ ಅಕ್ಷರ ಬಂದರೆ ಸಾಕು, ಸರ, ಅರಸ, ಗರಗಸ ಎಂದು ಮಗು ಪದಗಳನ್ನೇ ಓದಿಬಿಡುತ್ತದೆ. ಬಳಪಕ್ಕೆ ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದಿಸಿದೆವು. ಇದು ನಮ್ಮ ಹಿಂದಿನ ಅಯ್ಯನವರ ಮಠಗಳ ಪದ್ಧತಿ. ಮಾಂಟೆಸೊರಿಯವರು ಇದೇ ಉದ್ದೇಶಕ್ಕಾಗಿ ಮರಳುಕಾಗದದ ಅಕ್ಷರಗಳನ್ನು ಕತ್ತರಿಸಿ ಕೊಟ್ಟಿದ್ದರು.

ನಾಲ್ಕನೆಯದು ಬಾಯಿ ಮತ್ತು ಧೈರ್ಯ. ಇಲ್ಲಿ ನನ್ನ ಮಾತನ್ನೇ ಹೇಳಬೇಕಾಗಿದೆ. ನಾನು ಶಾಲೆಗೆ ಹೋದ ಮೊದಲ ದಿನ ಹೊರಗೆ ಹೋಗಬೇಕೆಂದು ಕೇಳುವುದು ಹೇಗೆಂದು ನನಗೆ ತಿಳಿಯಲಿಲ್ಲ. ಮನೆಯಲ್ಲಿ ಆಡುವ ಮಾತನ್ನು ಅಲ್ಲಿ ಆಡಬಹುದೋ ಬಾರದೋ ಎಂದು ಹೆದರಿ, ಕುಳಿತಲ್ಲೇ ಲಂಗ ಒದ್ದೆ ಮಾಡಿಕೊಂಡೆ. ಮಕ್ಕಳು ನಕ್ಕರು. ಅದರಲ್ಲಿ ಶಿಕ್ಷಕಿಯ ತಪ್ಪೇನೂ ಇರಲಿಲ್ಲ. ಒಂದು ತಿಂಗಳು ನಾನು ಶಾಲೆಯ ಕಡೆ ತಲೆ ಹಾಕಲಿಲ್ಲ. ಆ ತಿಂಗಳಲ್ಲಿ ಅಪ್ಪ “ಹೋಗದಿದ್ದರೆ ಬಿಡಲಿ, ಕುರಿ ಮೇಯಿಸಲಿ” ಎಂದದ್ದನ್ನು ಅವ್ವ ಒಪ್ಪಿಕೊಂಡಿದ್ದರೆ ಈ ಲೇಖನವನ್ನು ನಾನು ಬರೆಯುತ್ತಿರಲಿಲ್ಲ. ಆದುದರಿಂದ ಪುಟ್ಟಿಗೆ ಅಕ್ಷರಕ್ಕಿಂತ ಮೊದಲು ಕಲಿಸಿದ್ದು ಇದನ್ನು: ತನ್ನ ಹೆಸರು, ತಂದೆತಾಯಿಯ ಹೆಸರು, ಊರಿನ ಹೆಸರು ಹೇಳುವುದು; ನೀರು ಬೇಕೆಂದು, ಹೊರಗೆ ಹೋಗಬೇಕೆಂದು, ಅರ್ಥವಾಗಲಿಲ್ಲವೆಂದು ಗಟ್ಟಿಯಾಗಿ ಹೇಳುವುದು; ಚಪ್ಪಲಿ, ಗುಂಡಿ, ಊಟದ ಡಬ್ಬಿ ಇವನ್ನು ತಾನೇ ನೋಡಿಕೊಳ್ಳುವುದು. ನಾನು ಶಿಕ್ಷಕಿಯಾಗಿ ಕುಳಿತು ನೂರು ಸಲ ಈ ನಾಟಕವನ್ನು ಆಡಿದ್ದೇವೆ.

ಐದನೆಯದು ಪುಸ್ತಕ. ಇದೊಂದೇ ಅವ್ವನ ಕೈಯಿಂದ ಆಗದೆ ನನ್ನ ಪಾಲಿಗೆ ಉಳಿದದ್ದು. ಪಂಚಾಯಿತಿಯ ಗ್ರಂಥಾಲಯದಿಂದ ವಾರಕ್ಕೊಂದು ಚಿತ್ರದ ಪುಸ್ತಕ ತಂದು, ಸಾಲಿನ ಕೆಳಗೆ ಬೆರಳಾಡಿಸುತ್ತಾ ಓದುತ್ತಿದ್ದೆ. ಪುಸ್ತಕವನ್ನು ಯಾವ ಕಡೆಯಿಂದ ತೆರೆಯಬೇಕು, ಸಾಲು ಎಡದಿಂದ ಬಲಕ್ಕೆ ಹೋಗುತ್ತದೆ, ಚಿತ್ರವಲ್ಲದ ಆ ಕಪ್ಪು ಗುರುತುಗಳಲ್ಲಿ ಕಥೆ ಅಡಗಿದೆ ಎಂಬುದೆಲ್ಲ ಓದುವವರ ಮನೆಯ ಮಗುವಿಗೆ ತಾನಾಗಿಯೇ ತಿಳಿಯುತ್ತದೆ. ನಮ್ಮಂಥ ಮನೆಯ ಮಗುವಿಗೆ ಯಾರಾದರೂ ತೋರಿಸಬೇಕು.

ಮನೆಯಿಂದ ಎಲ್ಲವೂ ಆಗುವುದೆಂದು ನಾನು ಹೇಳಲಾರೆ. ಸರದಿಗಾಗಿ ಕಾಯುವುದು, ಜಗಳವಾಡಿ ರಾಜಿಯಾಗುವುದು, ತಾಯಿಯಲ್ಲದವರ ಮಾತು ಕೇಳುವುದು ಇವುಗಳಿಗೆ ಇತರ ಮಕ್ಕಳು ಬೇಕು. ಒಂಟಿ ಮನೆಯಲ್ಲಿ ಬೆಳೆದ ಪುಟ್ಟಿ ಮೊದಲು ಯಾರಿಗೂ ಬೀಜ ಮುಟ್ಟಗೊಡುತ್ತಿರಲಿಲ್ಲ. ನನಗೆ ತರಗತಿಯಿಲ್ಲದ ದಿನಗಳಲ್ಲೆಲ್ಲ ಅವಳನ್ನು ಊರಿನ ಅಂಗನವಾಡಿಗೆ ನಡೆಸಿಕೊಂಡು ಹೋದೆ. ಅಲ್ಲಿನ ಕಾರ್ಯಕರ್ತೆಯವರು ಬೇಸರಿಸದೆ ಸೇರಿಸಿಕೊಂಡರು. ಅದು ದಿನವೂ ಸಾಧ್ಯವಾಗಿದ್ದರೆ ಈ ಮನೆಪಾಠಕ್ಕೆ ನಾನು ಇಳಿಯುತ್ತಲೇ ಇರಲಿಲ್ಲ.

ಮೊನ್ನೆ ಸಂಕ್ರಾಂತಿಯ ಬೆಳಿಗ್ಗೆ ಹೊಸಲಿನ ಮುಂದಿನ ರಂಗೋಲಿಯ ಪಕ್ಕದಲ್ಲಿ ಪುಟ್ಟಿ ಪುಡಿಯಿಂದ ಒಂದು ‘ರ’ ಬಿಡಿಸಿದ್ದಳು. ಅದರ ಪಕ್ಕದಲ್ಲಿ ಇನ್ನೊಂದು ‘ರ’ ಇತ್ತು, ಎಳೆ ಇನ್ನೂ ನಯವಾಗಿತ್ತು. ಯಾರು ಬರೆದದ್ದೆಂದು ಕೇಳಿದೆ. ಅವ್ವ ಕೈಯ ಪುಡಿಯನ್ನು ಸೆರಗಿಗೆ ಒರಸಿಕೊಂಡು, “ಮಗಾನೇ ಹೇಳಿಕೊಡ್ತು. ಸರಿಯಾಗೈತಾ ನೋಡು” ಎಂದಳು. ಸರಿಯಾಗಿಯೇ ಇತ್ತು.

ಬರುವ ಜೂನ್ ತಿಂಗಳಲ್ಲಿ ಪುಟ್ಟಿ ಊರಿನ ಸರ್ಕಾರಿ ಶಾಲೆಯ ಒಂದನೆಯ ತರಗತಿಗೆ ಸೇರುತ್ತಾಳೆ. ನಮ್ಮ ಪ್ರಯತ್ನ ಫಲಿಸಿತೋ ಇಲ್ಲವೋ ಎಂಬುದು ಅಂದು ತಿಳಿಯುತ್ತದೆ. ಅತ್ತಿಗೆಯ ಓಲೆ ಸದ್ಯಕ್ಕೆ ಅವಳ ಕಿವಿಯಲ್ಲೇ ಇದೆ. ನಾನು ಹೇಳಿದುದರಲ್ಲಿ ದೋಷವಿದ್ದರೆ ಅಧ್ಯಾಪಕರು ತಿದ್ದಬೇಕೆಂದು ಬೇಡುತ್ತೇನೆ. ಮನೆಯಲ್ಲಿ ಚಿಕ್ಕ ಮಕ್ಕಳಿರುವ ಸಹಪಾಠಿಗಳು ಈ ರಜದಲ್ಲಿ ಊರಿಗೆ ಹೋದಾಗ, ಸ್ಲೇಟು ಕೊಳ್ಳುವ ಮೊದಲು ತಮ್ಮ ತಾಯಂದಿರು ಕಾಯಿ ಎಣಿಸುವುದನ್ನೋ ಕಾಳು ಹಸನು ಮಾಡುವುದನ್ನೋ ಒಂದು ಗಳಿಗೆ ಕುಳಿತು ನೋಡಲಿ ಎಂದು ಅವರಲ್ಲಿ ನನ್ನ ಕೋರಿಕೆ.